ಒಂಬತ್ತು ಎಂದರೆ ಕೂಲಿ

ಕೋಡ್ ಮೇಷ್ಟ್ರು ತೀರಿಕೊಂಡ ಮೂರನೆಯ ದಿನ ಕಚೇರಿಯಲ್ಲಿ ಅವರ ಮೇಜಿನ ಡ್ರಾಯರ್ ತೆಗೆದರೆ ಅವರದೇ ಮರಣದ ಫಾರಂ ಸಿಕ್ಕಿತು. ಹೆಸರು, ಹುಟ್ಟಿದ ತಾರೀಖು, ಓದು, ಕಸಬು, ಮದುವೆಯಾಗಿದೆಯೋ ಇಲ್ಲವೋ, ಇರುವ ಮನೆ ಸ್ವಂತದ್ದೋ ಬಾಡಿಗೆಯದೋ, ಎಲ್ಲವನ್ನೂ ತಮ್ಮ ದುಂಡು ಅಕ್ಷರದಲ್ಲಿ ಮೊದಲೇ ತುಂಬಿಟ್ಟಿದ್ದರು. ಸತ್ತ ದಿನ ಮತ್ತು ಕಾರಣದ ಜಾಗ ಮಾತ್ರ ಬಿಟ್ಟಿದ್ದರು, ಅವೆರಡು ಬೇರೆ ವಿಭಾಗಕ್ಕೆ ಸೇರಿದ ಕೆಲಸ ಎನ್ನುವ ಹಾಗೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಪಕ್ಕದ ಮೇಜಿನ ಅಕ್ಕ ಅದನ್ನು ಕೈಯಿಂದ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಸಂತಾಪ ಸಭೆ ಹತ್ತು ನಿಮಿಷ ನಡೆಯಿತು. ನಿರ್ದೇಶಕರು ಏಳು ನಿಮಿಷ ಇಲಾಖೆಯ ಸಾಧನೆಯ ಬಗ್ಗೆ ಮಾತಾಡಿ, ಉಳಿದ ಸಮಯದಲ್ಲಿ ಮೇಷ್ಟ್ರು ಎಂದೂ ತಡವಾಗಿ ಬಂದವರಲ್ಲ ಎಂದರು. ಅದು ಸುಳ್ಳಲ್ಲ. ಮೇಷ್ಟ್ರು ತಡ ಮಾಡಿದ್ದು ಬದುಕಿನಲ್ಲಿ ಒಂದೇ ಸಲ. ಅದು ಕಚೇರಿಗೆ ಬರುವುದರಲ್ಲಿ ಅಲ್ಲ.

ಮೇಷ್ಟ್ರು ಎಂಬ ಹೆಸರಿದ್ದರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮರಣಗಳ ಅಂಕಿಅಂಶದ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಆಸ್ಪತ್ರೆ, ಠಾಣೆಗಳಿಂದ ಫಾರಂಗಳು ಕಟ್ಟು ಕಟ್ಟಾಗಿ ಬರುತ್ತಿದ್ದವು. ಅದರಲ್ಲಿದ್ದ ಅಕ್ಷರವನ್ನೆಲ್ಲ ಅಂಕಿ ಮಾಡುವುದು ಅವರ ಕೆಲಸ. ಗಂಡಸು ಒಂದು, ಹೆಂಗಸು ಎರಡು. ಓದಿಲ್ಲದವರು ಸೊನ್ನೆ, ಡಿಪ್ಲೊಮಾ ನಾಲ್ಕು, ಪದವೀಧರರು ಐದು. ಅಂಗಡಿ, ವ್ಯಾಪಾರ ಮೂರು, ಕೈಕಸಬು ಆರು, ಕೂಲಿ ಒಂಬತ್ತು. ಹೊಸದಾಗಿ ಬಂದವರಿಗೆ ಇದನ್ನೆಲ್ಲ ಕಲಿಸುತ್ತಿದ್ದವರು ಅವರೇ ಆದ್ದರಿಂದ ಮೇಷ್ಟ್ರಾದರು. ಕೋಡ್ ಎಂಬುದು ತಾನಾಗಿ ಅಂಟಿಕೊಂಡಿತು.

ಫಾರಂನ ಮೇಲುಭಾಗದಲ್ಲಿ ಸತ್ತವರ ಹೆಸರು, ವಿಳಾಸ ಇರುತ್ತಿತ್ತು. ಕೋಡ್ ಹಾಕುವವರು ಅದನ್ನು ನೋಡಕೂಡದು ಎಂಬುದು ನಿಯಮ. ಹಾಗಾಗಿ ಟಪಾಲು ವಿಭಾಗದವರು ಆ ಭಾಗವನ್ನು ಹಿಂದಕ್ಕೆ ಮಡಿಸಿ ಪಿನ್ ಹೊಡೆದು ಕಳಿಸುತ್ತಿದ್ದರು. ಮೇಷ್ಟ್ರ ಮುಂದೆ ಬರುವಷ್ಟರಲ್ಲಿ ಸತ್ತವರಿಗೆ ತಲೆ ಇರುತ್ತಿರಲಿಲ್ಲ, ಬರೀ ಕಾಲಂಗಳಿರುತ್ತಿದ್ದವು.

ಆ ಕಾಲಂಗಳೂ ಎಷ್ಟೋ ಸಲ ಖಾಲಿ. ಬೀದಿಯಲ್ಲಿ ಇರಿತಕ್ಕೆ ಸಿಕ್ಕವನನ್ನು ಯಾರೋ ಆಸ್ಪತ್ರೆಗೆ ತಂದು ಹಾಕಿ ಹೋದರೆ, ಅವನು ಎಷ್ಟು ಓದಿದ್ದ, ಏನು ಕೆಲಸ ಮಾಡುತ್ತಿದ್ದ ಎಂದು ಹೇಳುವವರು ಯಾರು? ಆದರೆ ಕಂಪ್ಯೂಟರ್ ಖಾಲಿ ಕಾಲಂ ನುಂಗುವುದಿಲ್ಲ, ಕೆಂಪು ಗೆರೆ ತೋರಿಸಿ ಫಾರಂ ಹೊರಗೆ ಉಗಿಯುತ್ತದೆ. ಮೇಷ್ಟ್ರು ಹೊಸಬರಾಗಿದ್ದಾಗ ಇದನ್ನು ಹೋಗಿ ಆಗಿನ ಹೆಡ್ ಕ್ಲರ್ಕಿಗೆ ಕೇಳಿದ್ದರು. ಆ ಮಹಾನುಭಾವ ಕನ್ನಡಕ ಮೇಲೆತ್ತಿ, "ಕೊಲೆನಾ? ಕೂಲಿ ಅಂತ ಹಾಕಪ್ಪ. ಓದು ಸೊನ್ನೆ. ಓದಿರೋರು, ಕೆಲಸ ಇರೋರು ಯಾಕೆ ಕೊಲೆ ಆಗ್ತಾರೆ?" ಎಂದ.

"ಹಾರ್ಟ್ ಅಟ್ಯಾಕ್ ಆದ್ರೆ ಸರ್?"

"ವ್ಯಾಪಾರ. ಕೂತು ತಿಂದಿರ್ತಾನೆ."

ಅದೇ ವಾಡಿಕೆಯಾಯಿತು. ಎಲ್ಲೂ ಬರೆದಿರಲಿಲ್ಲ, ಆದ್ದರಿಂದ ಯಾರೂ ಮೀರಲಿಲ್ಲ. ಹೆಂಗಸು ಮನೆಯೊಳಗೆ ಸತ್ತಿದ್ದರೆ ಗೃಹಿಣಿ. ಅದಕ್ಕೆ ಕಾಲಂ ಖಾಲಿ ಇರಬೇಕೆಂಬ ನಿಯಮವೂ ಇರಲಿಲ್ಲ.

ವರ್ಷಕ್ಕೊಮ್ಮೆ ಈ ಅಂಕಿಗಳೆಲ್ಲ ಕೂಡಿ ನಿರ್ದೇಶಕರ ವರದಿಯಾಗುತ್ತಿತ್ತು. ಓದಿಲ್ಲದ, ಮದುವೆಯಾಗದ, ಬಾಡಿಗೆ ಕೋಣೆಯ ಕೂಲಿಯವನು ಕೊಲೆಯಾಗುವ ಸಂಭವ ಓದಿದವನಿಗಿಂತ ಹನ್ನೊಂದು ಪಟ್ಟು ಹೆಚ್ಚು ಎಂದು ಅದು ಸಾರುತ್ತಿತ್ತು. ಬಣ್ಣಬಣ್ಣದ ಚಿತ್ರಪಟಗಳು, ಅದರಲ್ಲಿ ಕೂಲಿಯವನ ಕಂಬ ಮಾತ್ರ ಕೆಂಪು. ನಿರ್ದೇಶಕರು ಅದನ್ನು ಹೊತ್ತು ಸಭೆಯಿಂದ ಸಭೆಗೆ ಹೋಗುತ್ತಿದ್ದರು. ಒಂದು ವರ್ಷ "ವಿದ್ಯೆ ಕಲಿಯಿರಿ, ಕೊಲೆಯಿಂದ ಪಾರಾಗಿರಿ" ಎಂಬ ಭಿತ್ತಿಪತ್ರವನ್ನೂ ಅಚ್ಚು ಹಾಕಿಸಿದರು. ಅದನ್ನು ಓದಲು ಬಾರದವರ ಓಣಿಗಳಲ್ಲಿ ಅಂಟಿಸಲಾಯಿತು.

ಮೇಷ್ಟ್ರಿಗೆ ಈ ವರದಿಯ ಮೇಲೆ ಹೆತ್ತವರ ಅಭಿಮಾನ. ತಾವೇ ಹಿಟ್ಟು ಕಲಸಿದ್ದನ್ನು ಮರೆತು, ಬೆಂದು ಬಂದ ರೊಟ್ಟಿಯನ್ನು ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಅವರಿಗಿದ್ದದ್ದು ಒಬ್ಬನೇ ಗೆಳೆಯ, ವಾಚ್ ರಿಪೇರಿಯವನು. ಇಬ್ಬರೂ ಒಂದೇ ಕಟ್ಟಡದ ಎರಡನೇ ಮಹಡಿಯಲ್ಲಿ ಎದುರುಬದುರು ಕೋಣೆಗಳಲ್ಲಿ ಹದಿನೇಳು ವರ್ಷ ಬಾಡಿಗೆಗಿದ್ದರು. ಅಂಗಡಿ ಕೆಳಗೆ, ಮೆಟ್ಟಿಲ ಅಡಿಯಲ್ಲಿ. ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಒಂದು ಸ್ಟೂಲು. ಯಾರಾದರೂ ಮೆಟ್ಟಿಲು ಹತ್ತಿದರೆ ಅವನ ತಲೆಯ ಮೇಲೆ ಧೂಳು ಉದುರುತ್ತಿತ್ತು, ಅವನು ತೆರೆದಿಟ್ಟ ವಾಚಿನ ಮೇಲೆ ಅಂಗೈ ಅಡ್ಡ ಹಿಡಿದು ಕಾಯುತ್ತಿದ್ದ. ಓದಿದ್ದು ಡಿಪ್ಲೊಮಾ. ಹೆಂಡತಿ ಬೇರೆಯಾಗಿ ಬಹಳ ಕಾಲವಾಗಿತ್ತು. ದೂರದ ಊರಿನಲ್ಲಿ ಒಬ್ಬ ಅಕ್ಕ. ದಿನಕ್ಕೆ ಮೂರು ಪತ್ರಿಕೆ ಓದಿ ಮೂರನ್ನೂ ಬಯ್ಯುವ ಜಾತಿಯವನು.

ಸಂಜೆ ಮೇಷ್ಟ್ರು ಕಚೇರಿ ಮುಗಿಸಿ ಬಂದು ಆ ಸ್ಟೂಲಿನ ಪಕ್ಕ ಮೆಟ್ಟಿಲ ಮೇಲೆ ಕೂತರೆ ಒಂದು ಗಂಟೆ ಹರಟೆ. ಒಮ್ಮೆ ವಾಚಿನವನು ಕೇಳಿದ.

"ಮೇಷ್ಟ್ರೇ, ನಿಮ್ಮ ಪಟ್ಟಿ ಪ್ರಕಾರ ನಾನು ಯಾವುದ್ರಲ್ಲಿ ಹೋಗ್ತೀನಿ? ಸ್ವಲ್ಪ ನೋಡಿ ಹೇಳಿ. ತಯಾರಿ ಮಾಡ್ಕೋಬೇಕು."

ಮೇಷ್ಟ್ರು ತಮಾಷೆಯೆಂದು ತಿಳಿಯದೆ ಮರುದಿನ ಪಟ್ಟಿ ನೋಡಿಯೇ ಬಂದರು. "ಐವತ್ತಮೂರು ವರ್ಷ, ಕೈಕಸಬು, ಡಿಪ್ಲೊಮಾ. ನಿಮಗೆ ಹೃದಯ ರೀ. ನೂರಕ್ಕೆ ಮೂವತ್ತೊಂದು."

"ಒಳ್ಳೇ ಮನೆತನದ ಸಾವು. ಹಾಗಾದ್ರೆ ಉಪ್ಪು ಬಿಟ್ಟೆ."

ನಿಜವಾಗಿಯೂ ಬಿಟ್ಟ. ಎರಡು ವರ್ಷ ಸಪ್ಪೆ ತಿಂದ. ಬೆಳಗ್ಗೆ ನಡೆಯಲು ಹೋಗತೊಡಗಿದ. ನೆತ್ತರ ಒತ್ತಡ ನೋಡಿಸಿ ಬಂದು ಚೀಟಿಯನ್ನು ಗಾಜಿನ ಪೆಟ್ಟಿಗೆಯ ಮೇಲೆ ಅಂಟಿಸಿದ. ಗಿರಾಕಿಗಳು ಅದನ್ನು ದರಪಟ್ಟಿಯೆಂದುಕೊಂಡು ಓದುತ್ತಿದ್ದರು. ಸಾವಿಗೆ ಇಷ್ಟು ಅಚ್ಚುಕಟ್ಟಾಗಿ ಬಾಗಿಲು ಹಾಕಿದವನು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಹಾಕಿದ್ದು ಬೇರೆ ಬಾಗಿಲು, ಅಷ್ಟೇ.

ಕಟ್ಟಡದ ಯಜಮಾನನಿಗೊಬ್ಬ ಭಾವಮೈದುನನಿದ್ದ. ಮೆಟ್ಟಿಲ ಕೆಳಗಿನ ಜಾಗ ತನಗೆ ಬೇಕೆಂದು ಅವನ ಹಟ. ಮೊದಲು ನಯವಾಗಿ ಕೇಳಿದ, ಆಮೇಲೆ ಗಾಜಿನ ಪೆಟ್ಟಿಗೆ ಒದ್ದ, ಆಮೇಲೆ ಸೊಂಟದಿಂದ ಚಾಕು ತೆಗೆದು ತೋರಿಸಿ ಹೋದ. ವಾಚಿನವನು ಎರಡು ಸಲ ಠಾಣೆಗೆ ಹೋಗಿ ಬಂದ. ಅಲ್ಲಿದ್ದವರು ಅವನಿಂದ ಗೋಡೆ ಗಡಿಯಾರ ಸರಿ ಮಾಡಿಸಿಕೊಂಡು ಕಳಿಸಿದರು.

ಒಂದು ಸಂಜೆ ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು ಕೆಳಗಿಟ್ಟು ಹೇಳಿದ. ಹಾಗೆ ತೆಗೆದಿಟ್ಟು ಮಾತಾಡುವುದು ಅವನ ಅಭ್ಯಾಸವಲ್ಲ.

"ಮೇಷ್ಟ್ರೇ, ಈ ಮನುಷ್ಯ ನನ್ನ ಮುಗಿಸ್ತಾನೆ ಅನ್ಸುತ್ತೆ."

"ಬಿಡ್ರೀ, ಬೊಗಳೋ ನಾಯಿ ಕಚ್ಚಲ್ಲ."

"ಇದು ಬೊಗಳೋದು ನಿಲ್ಸಿದೆ. ಅದಕ್ಕೇ ಹೇಳ್ತಿರೋದು. ನಾಳೆ ನನ್ನ ಜೊತೆ ಠಾಣೆಗೆ ಬನ್ನಿ. ಸರ್ಕಾರಿ ನೌಕರರು ಪಕ್ಕದಲ್ಲಿ ನಿಂತಿದ್ರೆ ಕೂತ್ಕೊಳ್ಳಿ ಅಂತಾದ್ರೂ ಅಂತಾರೆ."

"ನಾಳೆ ವರದಿ ಕಳಿಸೋ ದಿನ. ಮುಂದಿನ ವಾರ ಹೋಗೋಣ. ನೋಡಿ, ಹೆದರ್ಬೇಡಿ. ನಿಮ್ಮ ವಯಸ್ಸು, ನಿಮ್ಮ ಓದು, ನಿಮ್ಮ ಕಸಬು. ಈ ವರ್ಗದಲ್ಲಿ ಹೋದ ಹತ್ತು ವರ್ಷದಲ್ಲಿ ಒಬ್ಬರೂ ಕೊಲೆಯಾಗಿಲ್ಲ. ಸೊನ್ನೆ."

"ಸೊನ್ನೆ ಅಂದ್ರೆ ಸೊನ್ನೆನೇನಾ?"

"ಸೊನ್ನೆನೇ."

ವಾಚಿನವನು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. "ಅವನಿಗೂ ಇದನ್ನ ಒಂದು ಸಲ ಹೇಳಿಬಿಡಿ ಮೇಷ್ಟ್ರೇ. ಪಾಪ, ಗೊತ್ತಿರ್ಲಿಕ್ಕಿಲ್ಲ."

ನಾಲ್ಕು ದಿನ ಬಿಟ್ಟು, ಮಧ್ಯಾಹ್ನ ಎರಡೂಕಾಲಿಗೆ, ಜನ ಓಡಾಡುವ ಬೀದಿಯಲ್ಲಿ ಭಾವಮೈದುನ ಬಂದು, ಅಂದು ತೋರಿಸಿದ್ದ ಚಾಕುವಿನಿಂದಲೇ ವಾಚಿನವನನ್ನು ಮುಗಿಸಿ ಹೋದ. ಮೇಷ್ಟ್ರು ಆಗ ಕಚೇರಿಯಲ್ಲಿ ಯಾರದೋ ಮೂತ್ರಪಿಂಡಕ್ಕೆ ಕೋಡ್ ಹಾಕುತ್ತಿದ್ದರು. ಸಂಜೆ ಮನೆಗೆ ಬಂದರೆ ಮೆಟ್ಟಿಲ ಕೆಳಗೆ ಯಾರೋ ನೀರು ಹುಯ್ದು ತೊಳೆದಿದ್ದರು. ಗಾಜಿನ ಪೆಟ್ಟಿಗೆಯ ಮೇಲೆ ನೆತ್ತರ ಒತ್ತಡದ ಚೀಟಿ ಹಾಗೇ ಇತ್ತು. ನೂರ ಇಪ್ಪತ್ತು, ಎಂಬತ್ತು. ತುಂಬ ಚೆನ್ನಾಗಿತ್ತು.

ಪಕ್ಕದ ಮೇಜಿನ ಅಕ್ಕ ಮೇಷ್ಟ್ರ ಕೈಕೆಳಗೆ ಕೆಲಸ ಕಲಿತವಳು, ಬಾಯಿ ಜೋರು. ಅವಳಿಗೆ ಮಾತ್ರ ಮೇಷ್ಟ್ರು ಆ ಸಂಜೆಯ ಮಾತನ್ನು ಹೇಳಿದರು. ಸೊನ್ನೆ ಎಂದದ್ದನ್ನೂ ಹೇಳಿದರು. "ಫಾರಂ ಬರ್ಲಿ ಅಣ್ಣ," ಎಂದಳು ಅವಳು, "ನಾವೇ ಸರಿಯಾಗಿ ತುಂಬೋಣ."

ಮೇಷ್ಟ್ರು ಆ ಮಾತಿಗೆ ಜೋತುಬಿದ್ದರು. ಗೆಳೆಯನಿಗೆ ಇನ್ನು ಮಾಡಬಹುದಾದದ್ದು ಅದೊಂದೇ. ಕಸಬು ಆರು, ಓದು ನಾಲ್ಕು. ಹತ್ತು ವರ್ಷದ ಆ ಸೊನ್ನೆಯನ್ನು ಅಳಿಸಿ ತಮ್ಮ ಕೈಯಾರೆ ಒಂದು ಎಂದು ಬರೆಯುವುದು. ಹೆಸರು ಕಾಣದಿದ್ದರೂ ವಯಸ್ಸು, ಕಸಬು ನೋಡಿ ಗುರುತಿಸಬಹುದೆಂದು ದಿನವೂ ಕಟ್ಟು ಬಿಚ್ಚುವಾಗ ಅದಕ್ಕಾಗಿ ಹುಡುಕಿದರು. ಒಂದು ತಿಂಗಳಾಯಿತು, ಮೂರಾಯಿತು, ಐದಾಯಿತು. ಬರಲಿಲ್ಲ.

ವರ್ಷದ ಕೊನೆಗೆ ಕೊಲೆಯಾದವರ ಹೆಸರುಪಟ್ಟಿ ಪೊಲೀಸರಿಂದ ಬಂತು. ಅದರ ಕ್ರಮಸಂಖ್ಯೆಯನ್ನು ಕೋಡ್ ಆದ ಫಾರಂಗಳ ಜೊತೆ ತಾಳೆ ನೋಡಬೇಕು. ಪಟ್ಟಿಯಲ್ಲಿ ಗೆಳೆಯನ ಹೆಸರಿತ್ತು. ಮೇಷ್ಟ್ರು ಆ ಸಂಖ್ಯೆ ಹಿಡಿದು ಮುಗಿದ ಕಟ್ಟುಗಳಲ್ಲಿ ಹುಡುಕಿದರೆ ಫಾರಂ ಅಲ್ಲೇ ಇತ್ತು. ಪಿನ್ ಕಿತ್ತು ಮಡಿಕೆ ಬಿಚ್ಚಿದರು. ಹೆಸರು ಅದೇ. ಕೆಳಗೆ ವಯಸ್ಸು "ಸುಮಾರು ನಲವತ್ತು". ಬೆಳಗಿನ ನಡಿಗೆಯ ಫಲ. ಊರಿನ ಯಾವ ವಾರ್ಡಿನವನು ಎಂಬಲ್ಲಿ ಆಸ್ಪತ್ರೆ ಇದ್ದ ವಾರ್ಡು. ಓದು ಖಾಲಿ, ಕಸಬು ಖಾಲಿ, ಮದುವೆ ಖಾಲಿ. ಅವನ ಒಡಹುಟ್ಟಿದ ಅಕ್ಕ ದೂರದ ಊರಿನಿಂದ ಬರುವಷ್ಟರಲ್ಲಿ ಎರಡು ದಿನವಾಗಿತ್ತು, ಅಷ್ಟರಲ್ಲಿ ಆಸ್ಪತ್ರೆಯ ಗುಮಾಸ್ತ ತನಗೆ ಗೊತ್ತಿಲ್ಲದ್ದನ್ನು ಬಿಟ್ಟು ಸಹಿ ಹಾಕಿ ಮುಗಿಸಿದ್ದ.

ಬಲಬದಿಯ ಚೌಕಗಳಲ್ಲಿ ಕೆಂಪು ಶಾಯಿಯ ಕೋಡ್. ಓದು ಸೊನ್ನೆ. ಕಸಬು ಒಂಬತ್ತು. ದುಂಡು ಅಕ್ಷರ. ಅದು ಯಾರ ಕೈಬರಹ ಎಂದು ಕೇಳಬೇಕಾಗಿರಲಿಲ್ಲ. ಕಾಯುತ್ತಿದ್ದ ಫಾರಂ ಎರಡು ತಿಂಗಳ ಹಿಂದೆಯೇ ಕೈಗೆ ಬಂದು, ಯಾವುದೋ ಚಹಾಕ್ಕೂ ಯಾವುದೋ ಸಹಿಗೂ ನಡುವೆ ಕೂಲಿಯಾಗಿ ಹೋಗಿತ್ತು.

ಪಕ್ಕದ ಮೇಜಿನ ಅಕ್ಕ ಹಿಂದಿನಿಂದ ಬಂದು ನೋಡಿದಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮೇಷ್ಟ್ರು ಫಾರಂ ಅವಳತ್ತ ಸರಿಸಿ, "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನ ಬಾನೀಲಿ ಬಿತ್ತಂತೆ ಕಣಮ್ಮ," ಎಂದರು.

ಮರುದಿನ ಫಾರಂ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದರು. ಅಷ್ಟು ವರ್ಷಗಳ ನೌಕರಿಯಲ್ಲಿ ಅವರು ಕರೆಯದೆ ಆ ಕೋಣೆಗೆ ಹೋದದ್ದು ಅದೇ ಮೊದಲು.

"ಇದನ್ನ ತಿದ್ದಬೇಕು ಸರ್. ಇವರು ಕೂಲಿ ಅಲ್ಲ. ವಾಚ್ ರಿಪೇರಿ. ಡಿಪ್ಲೊಮಾ ಓದಿದ್ರು."

"ತಿದ್ದೋಕೆ ಮಾಹಿತಿ ಕೊಟ್ಟೋರ ಸಹಿ ಬೇಕಲ್ಲ ಮೇಷ್ಟ್ರೇ. ಯಾರು ಕೊಟ್ಟಿದ್ದು?"

"ಯಾರೂ ಕೊಟ್ಟಿಲ್ಲ ಸರ್. ಖಾಲಿ ಇತ್ತು."

"ಮತ್ತೆ ಕೂಲಿ ಅಂತ ಬರೆದಿದ್ದು?"

"ನಾನೇ."

ನಿರ್ದೇಶಕರು ಫಾರಂ ಅನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಬಾಗಿಲು ಹಾಕಿದೆಯೇ ಎಂದು ನೋಡಿದರು. "ಇಂಥವು ಎಷ್ಟಿವೆ?"

ಮೇಷ್ಟ್ರು ಎಣಿಸಿಕೊಂಡೇ ಹೋಗಿದ್ದರು. "ಈ ವರ್ಷದ ಮುನ್ನೂರ ಹದಿನೇಳು ಕೊಲೆಗಳಲ್ಲಿ ಕಸಬು ಖಾಲಿ ಇದ್ದದ್ದು ನೂರ ಎಂಬತ್ತೊಂಬತ್ತು."

"ಒಂದು ಸಾಲಿನಿಂದ ದಶಾಂಶ ಕೂಡ ಅಲುಗಾಡಲ್ಲ ರೀ," ಎಂದರು ನಿರ್ದೇಶಕರು ನಿಧಾನಕ್ಕೆ. "ನೂರ ಎಂಬತ್ತೊಂಬತ್ತು ಸಾಲಿಂದ ನಾನೇ ಅಲುಗಾಡ್ತೀನಿ. ನಿಮ್ಮ ಸ್ನೇಹಿತರ ಸಾಲು ಬೇಕಾದ್ರೆ ಇವತ್ತೇ ತಿದ್ದಿ, ನಾನು ನೋಡಿಲ್ಲ. ಉಳಿದದ್ದನ್ನ ಮರೆತುಬಿಡಿ."

ಮೇಷ್ಟ್ರು ಫಾರಂ ತೆಗೆದುಕೊಂಡು ಹೊರಗೆ ಬಂದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ತಿದ್ದಲಿಲ್ಲ. ಕೂಡಿಟ್ಟಿದ್ದ ರಜೆಗೆಲ್ಲ ಒಟ್ಟಿಗೆ ಅರ್ಜಿ ಬರೆದರು. ಆ ನೂರ ಎಂಬತ್ತೊಂಬತ್ತು ಮಡಿಕೆಗಳನ್ನೂ ಬಿಚ್ಚಿ ವಿಳಾಸ ಬರೆದುಕೊಂಡರು. ಅದು ನಿಯಮದ ಪ್ರಕಾರ ಅಪರಾಧ. ಅಕ್ಕ ಕೂತು ಬರೆಯಲು ನೆರವಾದಳು.

ಏಳು ವಾರ ಸುತ್ತಿದರೂ ಸಿಕ್ಕಿದ್ದು ಅರವತ್ತೆರಡು ಮನೆ. ಚಪ್ಪಲಿ ಸವೆಸಿ ಇವರು ಕಂಡುಹಿಡಿದದ್ದನ್ನು ಕೇಳಿದರೆ ಯಾರಾದರೂ ನಗಬೇಕು: ಅವರಲ್ಲಿ ಮೂವತ್ತನಾಲ್ಕು ಜನ ನಿಜವಾಗಿಯೂ ಕೂಲಿಯವರೇ. ವಾಡಿಕೆ ಅರ್ಧಕ್ಕಿಂತ ಹೆಚ್ಚು ಸರಿಯಾಗಿತ್ತು. ಬಡವರೇ ಹೆಚ್ಚು ಕೊಲೆಯಾಗುತ್ತಾರೆ ಎನ್ನಲು ಅಂಕಿ ಕಟ್ಟಬೇಕಾಗಿರಲಿಲ್ಲ, ಕಟ್ಟದೆಯೂ ಅದು ನಿಜವಾಗಿತ್ತು. ಉಳಿದವರಲ್ಲಿ ಒಬ್ಬ ಅಡುಗೆಯವನು, ಒಬ್ಬ ನಿವೃತ್ತ ಡ್ರೈವರ್, ಪರೀಕ್ಷೆಗೆ ಓದುತ್ತಿದ್ದ ಒಬ್ಬ. ಗೃಹಿಣಿ ಎಂದಿದ್ದ ಒಬ್ಬಳು ಒಂಬತ್ತು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಫಾರಂಗೆ ಮಾಹಿತಿ ಕೊಟ್ಟು ಅವಳ ಕಸಬಿನ ಕಾಲಂ ಖಾಲಿ ಬಿಡಿಸಿದವನು ಅವಳನ್ನು ಕೊಂದ ಗಂಡ.

ಆದರೆ ಮೇಷ್ಟ್ರು ಕೇಳದೆಯೇ ಮನೆಮನೆಯಲ್ಲೂ ಇನ್ನೊಂದು ಮಾತು ಬಂತು. ಚಾಪೆ ಹಾಸಿ, ನೀರು ಕೊಟ್ಟು, ಓದು ಕಸಬೆಲ್ಲ ಹೇಳಿ ಮುಗಿಸಿದ ಮೇಲೆ ಯಾರಾದರೊಬ್ಬರು ಬಾಗಿಲವರೆಗೆ ಬಂದು ಅದನ್ನು ಹೇಳುತ್ತಿದ್ದರು. "ಅವನು ಮೊದಲೇ ಹೇಳಿದ್ದ ಸ್ವಾಮಿ." ಲ್ಯಾಬಿನವಳ ತಾಯಿ, "ಮೂರು ಸಲ ಹೇಳಿದ್ಲು. ಮದುವೆ ಅಂದ್ಮೇಲೆ ಇದ್ದದ್ದೇ, ಹೊಂದ್ಕೊಂಡು ಹೋಗಮ್ಮ ಅಂತ ನಾನೇ ಕಳಿಸ್ದೆ," ಎಂದರು. ಒಬ್ಬ ಕೂಲಿಯವನ ಅಣ್ಣ, "ಕುಡಿದು ಮಾತಾಡ್ತಿದ್ದಾನೆ ಅಂದ್ಕೊಂಡೆ," ಎಂದ. ಅರವತ್ತೆರಡರಲ್ಲಿ ನಲವತ್ತೊಂದು ಮನೆಯಲ್ಲಿ ಈ ಮಾತು. ಓದಿದವರು, ಓದದವರು, ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರೂ ಹೇಳಿದ್ದರು. ಹೇಳಿದ ಮಾತಿಗೆ ಎದ್ದು ಬರುವಂಥವರು ಮಾತ್ರ ಅವರಲ್ಲಿ ಯಾರಿಗೂ ಇರಲಿಲ್ಲ. ಇದಕ್ಕೆ ಫಾರಂನಲ್ಲಿ ಕಾಲಂ ಇಲ್ಲ.

ಮೇಷ್ಟ್ರು ಒಂದು ಮನೆಯಲ್ಲೂ ತಮ್ಮ ಕತೆ ಹೇಳಿಕೊಳ್ಳಲಿಲ್ಲ. ನೀರಿನ ಲೋಟ ವಾಪಸು ಕೊಟ್ಟು ಎದ್ದು ಬರುತ್ತಿದ್ದರು.

ರಜೆ ಮುಗಿದು ಬಂದವರು ಗಲಾಟೆ ಮಾಡಲಿಲ್ಲ, ಪತ್ರಿಕೆಗೂ ಬರೆಯಲಿಲ್ಲ. ಒಂದೇ ಒಂದು ಕೆಲಸ ಮಾಡಿದರು. ಖಾಲಿ ಇದ್ದ ಕಾಲಂ ಅನ್ನು ಖಾಲಿ ಬಿಡತೊಡಗಿದರು. ಕಂಪ್ಯೂಟರ್ ಕೆಂಪು ಗೆರೆ ತೋರಿಸಿತು. ಮೇಷ್ಟ್ರು ಫಾರಂ ಅನ್ನು ಬದಿಗಿಟ್ಟು ಮುಂದಿನದನ್ನು ತೆಗೆದುಕೊಂಡರು. ಹಳೆಯ ವಾಡಿಕೆಯಂತೆಯೇ ತುಂಬಿ ಎಂದು ನಿರ್ದೇಶಕರು ಉಳಿದ ನಾಲ್ಕು ಜನಕ್ಕೆ ಹೇಳಿದರು. ಅವರೆಲ್ಲ ಮೇಷ್ಟ್ರಿಂದಲೇ ಕೆಲಸ ಕಲಿತವರು. "ಮೇಷ್ಟ್ರು ಬೇರೆ ಥರ ಹೇಳಿಕೊಟ್ಟಿದ್ದಾರೆ ಸರ್," ಎಂದು ಅಕ್ಕ ಹೇಳಿಬಿಟ್ಟಳು. ಆರು ವಾರದಲ್ಲಿ ಬದಿಗಿಟ್ಟ ಫಾರಂಗಳು ಕಿಟಕಿಯ ಎತ್ತರ ಬೆಳೆದವು. ಇಡೀ ಊರಿನಲ್ಲಿ ಯಾರೂ ಸತ್ತೇ ಇಲ್ಲವೇನೋ ಎನ್ನುವಷ್ಟು ವರದಿ ತೆಳ್ಳಗಾಯಿತು. ಮೇಲಿನವರು ಕೇಳಿದರು. ನಿರ್ದೇಶಕರು ಹಲ್ಲು ಕಡಿದು ಹೊಸದೊಂದು ಕೋಡ್ ಮಂಜೂರು ಮಾಡಿಸಿದರು. ಎಂಟು: ತಿಳಿದಿಲ್ಲ. ಜೊತೆಗೆ, ಸತ್ತವರನ್ನು ಬಲ್ಲವರು ಯಾರಾದರೂ ಬಂದು ಸಹಿ ಮಾಡಿ ಹಳೆಯ ಫಾರಂ ತುಂಬಿಸಬಹುದು ಎಂದೂ ಸೇರಿಸಿದರು, ಹೇಗೂ ಯಾರು ಬರುತ್ತಾರೆ ಎಂಬ ಧೈರ್ಯದಿಂದ.

ಮುಂದಿನ ವರದಿಯಲ್ಲಿ ಕೂಲಿಯವನ ಕೆಂಪು ಕಂಬ ಕುಗ್ಗಿ ಎಲ್ಲರ ಮಟ್ಟಕ್ಕೆ ಹತ್ತಿರ ಬಂತು. ಪಕ್ಕದಲ್ಲಿ 'ತಿಳಿದಿಲ್ಲ' ಎಂಬ ಹೊಸ ಕಂಬ ಪುಟದ ತುದಿ ಮುಟ್ಟಿತು. ನಿರ್ದೇಶಕರು ಧೃತಿಗೆಡುವ ಪೈಕಿಯಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾಣರು. ಅದೇ ಚಿತ್ರಪಟ ಹೊತ್ತು ಸಭೆಗಳಲ್ಲಿ, ಕೊಲೆಯ ಅಪಾಯ ಅತಿ ಹೆಚ್ಚಿರುವುದು 'ತಿಳಿದಿಲ್ಲ' ಎಂಬ ವರ್ಗದ ಜನರಿಗೆ, ಈ ಜನರನ್ನು ತುರ್ತಾಗಿ ಗುರುತಿಸಿ ಅರಿವು ಮೂಡಿಸಬೇಕು ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಒಂದು ಸಮಿತಿಯೂ ಆಯಿತು.

"ಅಣ್ಣ, ಇಷ್ಟು ವರ್ಷದಲ್ಲಿ ಈ ಮನುಷ್ಯ ಹೇಳಿದ ನಿಜ ಇದೊಂದೇ," ಎಂದಳು ಅಕ್ಕ. "ಅದೂ ಅವರಿಗೆ ಗೊತ್ತಿಲ್ದೆ."

ಮೇಷ್ಟ್ರು ನಕ್ಕರೋ ಇಲ್ಲವೋ ಅವಳಿಗೆ ನೆನಪಿಲ್ಲ. ಅವರು ಆಗ ಗೆಳೆಯನ ಫಾರಂ ಮುಂದಿಟ್ಟುಕೊಂಡಿದ್ದರು. ಹೊಸ ನಿಯಮ ಬಂದ ಮೇಲೆ ಮೊದಲು ತಿದ್ದಿದ್ದು ಅದೇ. ವಯಸ್ಸು ಐವತ್ತೈದು. ಓದು ನಾಲ್ಕು. ಕಸಬು ಆರು. ಒಂಬತ್ತರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು, ತಪ್ಪು ಯಾರದೆಂದು ಮುಂದೆ ನೋಡುವವರಿಗೆ ತಿಳಿಯಲಿ ಎಂದು.

ಕೆಳಗೆ ಇನ್ನೊಂದು ಜಾಗವಿತ್ತು. ಮಾಹಿತಿ ಕೊಟ್ಟವರಿಗೂ ಮೃತರಿಗೂ ಇದ್ದ ಸಂಬಂಧ. ಅಣ್ಣ, ಮಗ, ನೆರೆಯವರು, ಏನಾದರೊಂದು ಬರೆಯುವ ಜಾಗ. ಮೇಷ್ಟ್ರು ಅಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಗೆಳೆಯ ಎಂದು ಬರೆಯುತ್ತಾರೆಂದು ಅಕ್ಕ ಅಂದುಕೊಂಡಿದ್ದಳು. ಅವರು ಬರೆದದ್ದು ಬೇರೆ. ಆ ಫಾರಂ ಈಗಲೂ ಕಚೇರಿಯ ಕಪಾಟಿನಲ್ಲಿದೆ, ಹೆಸರು ಹಿಂದಕ್ಕೆ ಮಡಿಸಿ, ಪಿನ್ ಹೊಡೆದು. ಸಂಬಂಧದ ಕಾಲಂನಲ್ಲಿ ದುಂಡು ಅಕ್ಷರದಲ್ಲಿ ಇಷ್ಟೇ ಇದೆ:

"ಇವರು ಮೊದಲೇ ಹೇಳಿದ್ದು ನನಗೆ."